ಜಾನ್ ಡನ್‌ಸ್ಟೇಪಲ್: ಯುರೋಪ್ ಕಿವಿಗೊಟ್ಟ ಸಂಗೀತ ಇಂಗ್ಲೆಂಡಿನಲ್ಲೇ ಯಾಕೆ ಉಳಿಯಲಿಲ್ಲ?

ತುಂಗಾತೀರ:
ಇಲ್ಲಿ ಯಾರಾದರೂ ಜಾನ್ ಡನ್‌ಸ್ಟೇಪಲ್ ಬಗ್ಗೆ ಓದಿದ್ದೀರಾ? 1390ರ ಆಸುಪಾಸಿನಲ್ಲಿ ಹುಟ್ಟಿ 1453ರಲ್ಲಿ ತೀರಿಕೊಂಡ ಇಂಗ್ಲಿಷ್ ಸಂಗೀತಗಾರ. ಅವನು ಕಟ್ಟಿದ್ದು ಹೆಚ್ಚೂಕಡಿಮೆ ಎಲ್ಲ ಚರ್ಚಿನ ಸಂಗೀತ, ಲ್ಯಾಟಿನ್ ಸಾಹಿತ್ಯಕ್ಕೆ.

ಅವನು ಸತ್ತು ಇಪ್ಪತ್ತು ವರ್ಷ ಆದ ಮೇಲೆ ಟಿಂಕ್ಟೋರಿಸ್ ಎಂಬ ಶಾಸ್ತ್ರಕಾರ ನೇಪಲ್ಸ್‌ನಲ್ಲಿ ಕೂತು, ಹೊಸ ಸಂಗೀತದ ಬುಗ್ಗೆ ಹುಟ್ಟಿದ್ದೇ ಇಂಗ್ಲಿಷರಲ್ಲಿ, ಅವರ ಪೈಕಿ ಡನ್‌ಸ್ಟೇಪಲ್ ಮುಖ್ಯ ಅಂತ ಬರೆದ. ಅಷ್ಟು ದೊಡ್ಡ ಹೆಸರು. ಆದರೆ ಅವನ ಕೃತಿ ಹುಡುಕಿಕೊಂಡು ಹೊರಟರೆ ಸಿಗೋದು ಇಟಲಿಯ ಹಸ್ತಪ್ರತಿಗಳಲ್ಲಿ. ಟ್ರೆಂಟೊ, ಮೋಡೆನಾ, ಆವೋಸ್ತಾ. ಸುಮಾರು 50 ಕೃತಿ ಉಳಿದಿವೆ. ಇಂಗ್ಲೆಂಡಿನ ಪುಸ್ತಕಗಳಲ್ಲಿ ತೀರಾ ಕಡಿಮೆ.

ನನ್ನ ಪ್ರಶ್ನೆ ಎರಡು. ಅವನ ನಾಡಿನಲ್ಲೇ ಯಾಕೆ ಉಳಿಯಲಿಲ್ಲ? ಟಿಂಕ್ಟೋರಿಸ್ ಹೇಳಿದಷ್ಟು ದೊಡ್ಡವನಾ ನಿಜಕ್ಕೂ, ಅಥವಾ ಅದು ಹೊಗಳಿಕೆಯ ಮಾತಾ?

ಹಳೇಪುಟ:
ಮೊದಲನೇದಕ್ಕೆ ಉತ್ತರ ಸುಲಭ, ಕೇಳೋಕೆ ಬೇಸರ ಆಗುತ್ತೆ. 1536ರಿಂದ 1540ರ ಒಳಗೆ ಎಂಟನೇ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದ. ಅವನ ಮಗ ಆರನೇ ಎಡ್ವರ್ಡನ ಕಾಲಕ್ಕೆ ಪೂಜೆ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂತು. ಹಳೇ ಪೂಜಾ ಪುಸ್ತಕ ಇಟ್ಟುಕೊಳ್ಳೋದೇ ಅಪರಾಧ ಆಯ್ತು. ಹಾಡಿನ ಪುಸ್ತಕಗಳು ಚರ್ಮದ ಹಾಳೆಯವು. ಚರ್ಮಕ್ಕೆ ಬೆಲೆ ಇತ್ತು, ಅದರ ಮೇಲಿನ ಸ್ವರಕ್ಕೆ ಇರಲಿಲ್ಲ. ಕತ್ತರಿಸಿ ಬೇರೆ ಪುಸ್ತಕಗಳ ರಟ್ಟಿನ ಒಳಗೆ ಅಂಟಿಸಿದರು. ಈಗಲೂ ಹಳೇ ಕಾನೂನು ಪುಸ್ತಕವೋ ಲೆಕ್ಕದ ಪುಸ್ತಕವೋ ರಿಪೇರಿಗೆ ಬಿಚ್ಚಿದಾಗ ಒಳಗಿನಿಂದ ಅರ್ಧ ಸಾಲು ಸಂಗೀತ ಸಿಗೋದುಂಟು. ಮೇಲಿನ ಧ್ವನಿ ಇರುತ್ತೆ, ಕೆಳಗಿನದು ಕತ್ತರಿಗೆ ಹೋಗಿರುತ್ತೆ.

ಇಟಲಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಕ್ಯಾಥೊಲಿಕ್ ಪೂಜೆ ಮುಂದುವರೀತು. ಟ್ರೆಂಟೊದ ಏಳು ಹಸ್ತಪ್ರತಿಗಳಲ್ಲಿ 1500ಕ್ಕೂ ಜಾಸ್ತಿ ಕೃತಿಗಳಿವೆ. ಅಲ್ಲಿನ ಪ್ರತಿಕಾರರು ಇಂಗ್ಲಿಷ್ ಹಾಡು ಸಿಕ್ಕಿದರೆ ಬಿಡದೆ ಬರೆದುಕೊಂಡಿದ್ದಾರೆ. ಅವರಿಲ್ಲದಿದ್ದರೆ ಡನ್‌ಸ್ಟೇಪಲ್ ಬರೀ ಹೆಸರಾಗಿ ಉಳೀತಿದ್ದ.

ಗಮಕಪ್ರಿಯ:
ಅರ್ಧ ಸಾಲು ಸಿಗೋದು ಅಂದ್ರಲ್ಲ, ಅದನ್ನ ಓದಿ ಹೊಟ್ಟೆ ಉರೀತು.

ಲಂಡನ್ ಕನ್ನಡಿಗ:
ಅವನ ಸಮಾಧಿ ಇದ್ದ ಜಾಗ ನೋಡಿದ್ದೇನೆ. ಲಂಡನ್‌ನ ಬ್ಯಾಂಕ್ ಸ್ಟೇಷನ್ ಪಕ್ಕದಲ್ಲೇ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಅಂತ ಚರ್ಚ್. ಅವನನ್ನು ಹೂಳಿದ್ದ ಹಳೇ ಚರ್ಚ್ 1666ರ ಮಹಾ ಬೆಂಕಿಯಲ್ಲಿ ಸುಟ್ಟುಹೋಯ್ತು. ಈಗ ಇರೋದು ಕ್ರಿಸ್ಟೋಫರ್ ರೆನ್ ಕಟ್ಟಿಸಿದ್ದು. ಸಮಾಧಿಲೇಖವೂ ಬೆಂಕಿಗೆ ಹೋಯ್ತು. ಆದರೆ ಬೆಂಕಿಗೆ ಮೊದಲೇ, 17ನೇ ಶತಮಾನದ ಶುರುವಿನಲ್ಲಿ, ಅದರ ಲ್ಯಾಟಿನ್ ಪದ್ಯವನ್ನು ಬರೆದಿಟ್ಟಿದ್ದರು. ಅದರಿಂದ 1904ರಲ್ಲಿ ಮತ್ತೆ ಹಾಕಿಸಿದ್ದಾರೆ. ಆಕಾಶವನ್ನೇ ಎದೆಯೊಳಗೆ ಇಟ್ಟುಕೊಂಡಿದ್ದವನು ಈ ಗೋರಿಯೊಳಗೆ ಇದ್ದಾನೆ ಅಂತ ಶುರುವಾಗುತ್ತೆ.

ಚರ್ಚಿನ ನಡುಮಧ್ಯ ಹೆನ್ರಿ ಮೂರ್ ಕೆತ್ತಿದ ದುಂಡನೆಯ ಕಲ್ಲಿನ ವೇದಿಕೆ ಇದೆ. ಬಂದವರೆಲ್ಲ ಅದರ ಫೋಟೋ ತೆಗೀತಾರೆ. ಡನ್‌ಸ್ಟೇಪಲ್ ಹೆಸರಿನ ಕಡೆ ತಿರುಗಿ ನೋಡಿದವರನ್ನು ನಾನಂತೂ ಕಾಣಲಿಲ್ಲ.

ಚುಕ್ಕಿಲೆಕ್ಕ:
'ಆಕಾಶ ಎದೆಯೊಳಗೆ' ಅನ್ನೋದು ಬರೀ ಕವಿಯ ಮಾತಲ್ಲ. ಅವನು ಗಣಿತ, ಖಗೋಳ, ಜ್ಯೋತಿಷ ಬಲ್ಲವನು. ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಒಂದು ಖಗೋಳ ಹಸ್ತಪ್ರತಿ ಇದೆ. ಅದು ಬೆಡ್‌ಫರ್ಡ್ ಡ್ಯೂಕನ ಸಂಗೀತಗಾರ ಜಾನ್ ಡನ್‌ಸ್ಟೇಪಲ್ಲನ ಪುಸ್ತಕ ಅಂತ ಅದರಲ್ಲೇ ಬರೆದಿದೆ. ಅವನು ಡ್ಯೂಕನ ಹತ್ತಿರ ಇದ್ದ ಅನ್ನೋದಕ್ಕೆ ಮುಖ್ಯ ಆಧಾರವೇ ಈ ಒಂದು ಸಾಲು. ಅದು ಸಿಕ್ಕಿದ್ದು ಸಂಗೀತದ ಪುಸ್ತಕದಲ್ಲಲ್ಲ, ನಕ್ಷತ್ರದ ಪುಸ್ತಕದಲ್ಲಿ.

ಆಗ ಸಂಗೀತ, ಗಣಿತ, ರೇಖಾಗಣಿತ, ಖಗೋಳ ನಾಲ್ಕನ್ನೂ ಒಟ್ಟಿಗೆ ಕಲಿಸ್ತಿದ್ದರು. ಎಲ್ಲವೂ ಲೆಕ್ಕದ ವಿದ್ಯೆಗಳೇ. ಅವನ 'ವೇನಿ ಸಾಂಕ್ತೆ ಸ್ಪಿರಿತುಸ್' ನಾಲ್ಕು ಧ್ವನಿಯ ಕೃತಿ. ಅದರಲ್ಲಿ ಟೆನರ್ ಧ್ವನಿ ಒಂದು ಹಳೇ ಸ್ತೋತ್ರದ ಧಾಟಿಯನ್ನು ಮೂರು ಸಲ ಹಾಡುತ್ತೆ. ಪ್ರತಿ ಸಲವೂ ಕಾಲ ಕುಗ್ಗುತ್ತೆ, 3:2:1 ಪ್ರಮಾಣದಲ್ಲಿ. ಮೇಲಿನ ಧ್ವನಿಗಳು ಅದರ ಮೇಲೆ ಹರೀತಾ ಇರುತ್ತವೆ. ಕೇಳುವವನಿಗೆ ಲೆಕ್ಕ ಗೊತ್ತಾಗಲ್ಲ. ಕೊನೆಗೆ ಬರ್ತಾ ಬರ್ತಾ ಏನೋ ಬಿಗಿಯಾಗ್ತಿದೆ ಅನ್ನೋದು ಮಾತ್ರ ಗೊತ್ತಾಗುತ್ತೆ.

ಗಮಕಪ್ರಿಯ:
ಇದು ನಮ್ಮ ಪಲ್ಲವಿಯಲ್ಲಿ ತ್ರಿಕಾಲ ಮಾಡಿದ ಹಾಗೇ ಅಲ್ವಾ!

ಚುಕ್ಕಿಲೆಕ್ಕ:
ಅಷ್ಟು ಬೇಗ ಒಂದೇ ಅನ್ನಬೇಡಿ. ಪಲ್ಲವಿಯಲ್ಲಿ ತಾಳ ಹಾಗೇ ನಿಂತಿರುತ್ತೆ, ಸಾಹಿತ್ಯದ ವೇಗ ಬದಲಾಗೋದು ಸಭೆಗೆ ಕೇಳಿಸಬೇಕು. ಅದೇ ಅಲ್ಲಿ ಹೆಚ್ಚುಗಾರಿಕೆ. ಇಲ್ಲಿ ಟೆನರ್ ಒಳಗೆ ಅಡಗಿ ಕೂತಿರುತ್ತೆ. ಎಷ್ಟೋ ಜನ ಕೇಳುಗರಿಗೆ ಆ ಧಾಟಿ ಇದೆ ಅಂತಲೇ ತಿಳಿಯಲ್ಲ. ದೇವರಿಗೆ ಗೊತ್ತಾದರೆ ಸಾಕು ಅನ್ನೋ ತರಹದ ಕೆಲಸ.

ಮಂದ್ರ:
ಎರಡನೇ ಪ್ರಶ್ನೆಗೆ ಬರೋಣ. ಡನ್‌ಸ್ಟೇಪಲ್ ಮುಖ್ಯ ಆಗೋದು ಲೆಕ್ಕದಿಂದ ಅಲ್ಲ. ಆ ಲೆಕ್ಕ ಅವನಿಗಿಂತ ನೂರು ವರ್ಷ ಮೊದಲು ಫ್ರೆಂಚರೂ ಮಾಡಿದ್ದರು. ಅವನು ಮುಖ್ಯ ಆಗೋದು ಇಂಪಿನಿಂದ.

ಸ್ವಲ್ಪ ಬಿಡಿಸಿ ಹೇಳ್ತೇನೆ. ಅಲ್ಲಿನ ಹಳೇ ಶಾಸ್ತ್ರದ ಪ್ರಕಾರ ಜೊತೆಯಾಗಿ ಹಾಡಿದಾಗ ಪೂರ್ತಿ ಹೊಂದೋದು ಸ-ಪ, ಸ-ಮ, ಮತ್ತೆ ಮೇಲಿನ ಸ. ಸ-ಗ ಜೋಡಿ ಅರೆಬರೆ. ಯಾಕಂದ್ರೆ ಪೈಥಾಗೊರಸ್ ಲೆಕ್ಕದಲ್ಲಿ ಗಾಂಧಾರ 81:64 ಬರುತ್ತೆ. ಅದು ಸ್ವಲ್ಪ ಏರಿದ ಗಾಂಧಾರ, ಉಜ್ಜುತ್ತೆ. ಆದರೆ 1300ರ ಹೊತ್ತಿಗೇ ಈವ್‌ಶಮ್ ಮಠದ ವಾಲ್ಟರ್ ಓಡಿಂಗ್ಟನ್ ಒಂದು ವಿಷಯ ಗಮನಿಸಿ ಬರೆದಿದ್ದ. ಗಾಂಧಾರ 5:4ಕ್ಕೆ, ಅಂದ್ರೆ 80:64ಕ್ಕೆ, ತುಂಬಾ ಹತ್ತಿರ ಇದೆ. ಹಾಡುವವರ ಗಂಟಲು ತಾನಾಗೇ ಅದನ್ನು ಹೊಂದಿಸಿಕೊಂಡು ಇಂಪು ಮಾಡುತ್ತೆ ಅಂತ. ಇಂಗ್ಲೆಂಡಿನ ಗಾಯಕರು ಸ-ಗ, ಸ-ಧ ಜೋಡಿಗಳಲ್ಲಿ ಸಾಲುಸಾಲಾಗಿ ಹಾಡೋದು ಅಲ್ಲಿ ಮೊದಲಿಂದ ಇದ್ದ ಅಭ್ಯಾಸ. ಡನ್‌ಸ್ಟೇಪಲ್ ಅದನ್ನು ಪಳಗಿಸಿದ. ಕರ್ಕಶ ಎಲ್ಲಿ ಬರಬೇಕು, ಎಷ್ಟು ಹೊತ್ತು ಇರಬೇಕು ಅಂತ ಹಿಡಿತಕ್ಕೆ ತಂದ.

ಗಮಕಪ್ರಿಯ:
ಇದು ಅರ್ಥ ಆಯ್ತು. ತಂಬೂರಿ ಚೆನ್ನಾಗಿ ಶ್ರುತಿ ಸೇರಿದಾಗ ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತೆ. ಯಾರೂ ಮೀಟದ ಸ್ವರ. ಅದೇ 5:4. ಅವರು ಮೂರು ಜನ ಸೇರಿ ಆ ಗಾಂಧಾರದ ಮೇಲೇ ನಿಂತರೆ ಹೇಗಿರಬಹುದು ಅಂತ ಈಗ ಊಹೆ ಮಾಡ್ತಿದ್ದೇನೆ.

ಮಂದ್ರ:
ಊಹೆ ಯಾಕೆ, 'ಕ್ವಾಮ್ ಪುಲ್ಕ್ರಾ ಎಸ್' ಕೇಳಿ. ಮೂರು ಧ್ವನಿ, ಎರಡೂವರೆ ನಿಮಿಷದ ಹತ್ತಿರ. ಸಾಹಿತ್ಯ ಬೈಬಲ್ಲಿನ ಪರಮಗೀತೆಯದು, ಪ್ರಿಯೆಯ ಚೆಲುವನ್ನು ಹೊಗಳೋದು, ಚರ್ಚಿನಲ್ಲಿ ಮೇರಿಗೆ ಹೊಂದಿಸಿಕೊಂಡರು. ಮೂರೂ ಧ್ವನಿ ಒಂದೇ ಸಲಕ್ಕೆ ಒಂದೇ ಅಕ್ಷರ ಹೇಳುತ್ತವೆ, ಹಾಗಾಗಿ ಮಾತು ಸ್ಪಷ್ಟ. ಮಧ್ಯದಲ್ಲಿ 'ವೇನಿ' ಅಂತ ಬರುತ್ತೆ, ಬಾ ಅಂತ ಕರೆಯೋ ಮಾತು. ಅಲ್ಲಿ ಮೂವರೂ ಸ್ವರ ಹಿಡಿದು ನಿಲ್ಲಿಸ್ತಾರೆ. ಅದುವರೆಗೆ ನಡೀತಿದ್ದ ಲಯ ಅಲ್ಲಿ ನಿಲ್ಲುತ್ತೆ. ಆಮೇಲೆ ಮತ್ತೆ ಹರಿದು ಕೊನೆಗೆ ಅಲ್ಲೆಲೂಯಾದಲ್ಲಿ ಧ್ವನಿಗಳು ಬಿಚ್ಚಿಕೊಳ್ಳುತ್ತವೆ. ಇಡೀ ಹಾಡಿನಲ್ಲಿ ಕರ್ಕಶ ಹುಡುಕಿದರೆ ಬೆರಳಲ್ಲಿ ಎಣಿಸಬಹುದು.

ಕೋಟೆಬಾಗಿಲು:
ಒಂದು ನಿಮಿಷ. ಈ 'ಇಂಗ್ಲಿಷ್ ಇಂಪು' ಕತೆ ಹುಟ್ಟಿದ್ದು ಒಬ್ಬ ಕವಿಯಿಂದ. ಮಾರ್ಟಿನ್ ಲ ಫ್ರಾಂಕ್, 1440ರ ಆಸುಪಾಸು, ಹೆಂಗಸರ ಪರ ವಾದಿಸೋ ಉದ್ದನೆಯ ಫ್ರೆಂಚ್ ಕಾವ್ಯ. ಅದರ ನಡುವೆ ದ್ಯುಫೈ, ಬಾಂಶ್ವಾ ಅನ್ನೋ ಆ ಕಾಲದ ದೊಡ್ಡ ಸಂಗೀತಗಾರರಿಬ್ಬರೂ ಇಂಗ್ಲಿಷರ ರೀತಿ ಹಿಡಿದು ಡನ್‌ಸ್ಟೇಪಲ್ಲನ ಹಿಂದೆ ಹೋದರು, ಅದಕ್ಕೇ ಅವರ ಹಾಡು ಅಷ್ಟು ಚೆಂದ ಅಂತ ಕೆಲವು ಸಾಲು. ಅಷ್ಟೇ. ಟಿಂಕ್ಟೋರಿಸ್ ಹೇಳಿದ್ದು ಇನ್ನೂ ಮೂವತ್ತು ವರ್ಷ ಆದ ಮೇಲೆ. ಆಮೇಲೆ ಬಂದ ಪಠ್ಯಪುಸ್ತಕಗಳೆಲ್ಲ ಈ ಎರಡನ್ನೇ ತಿರುಗಿಸಿ ಮುರುಗಿಸಿ ಬರೆದಿವೆ. ಒಬ್ಬ ಕವಿಯ ಪದ್ಯ ನಂಬಿ ಸಂಗೀತದ ಚರಿತ್ರೆ ಬರೆಯೋಕಾಗುತ್ತಾ?

ಹಳೇಪುಟ:
ಪದ್ಯ ಬಿಟ್ಟುಬಿಡಿ, ಹಸ್ತಪ್ರತಿ ನೋಡಿ. ಮೋಡೆನಾ ಪ್ರತಿಯಲ್ಲಿ ಇಂಗ್ಲಿಷ್ ಕೃತಿಗಳಿಗೇ ಒಂದು ಭಾಗ ಇದೆ. ಅದರಲ್ಲಿ ಡನ್‌ಸ್ಟೇಪಲ್ ಹೆಸರು ಮತ್ತೆ ಮತ್ತೆ ಬರುತ್ತೆ. ಯಾರೂ ಬೇಡದ ಸಂಗೀತವನ್ನು ದುಬಾರಿ ಹಾಳೆ ಮೇಲೆ ಬರೆಸಲ್ಲ. ದ್ಯುಫೈಯ 1420ರ ದಶಕದ ಹಾಡುಗಳನ್ನೂ 1430ರ ದಶಕದವನ್ನೂ ಪಕ್ಕದಲ್ಲಿಟ್ಟು ಕೇಳಿ, ವ್ಯತ್ಯಾಸ ಕಿವಿಗೇ ಬೀಳುತ್ತೆ.

ಕೋಟೆಬಾಗಿಲು:
ಬೇಡಿಕೆ ಇತ್ತು, ಒಪ್ಪಿದೆ. ಬದಲಾವಣೆ ಆಗಿದ್ದು ಡನ್‌ಸ್ಟೇಪಲ್ ಒಬ್ಬನಿಂದ ಅನ್ನೋದನ್ನ ಒಪ್ಪಲ್ಲ. 1414ರಿಂದ 1418ರವರೆಗೆ ಕಾನ್‌ಸ್ಟನ್ಸ್‌ನಲ್ಲಿ ಚರ್ಚಿನ ದೊಡ್ಡ ಸಭೆ ನಡೆಯಿತು. ಯುರೋಪಿನ ಬಿಷಪ್ಪರೆಲ್ಲ ತಂತಮ್ಮ ಗಾಯಕರನ್ನು ಕರೆದುಕೊಂಡು ಬಂದಿದ್ದರು. ಇಂಗ್ಲಿಷರ ಹಾಡಿಗೆ ಅಲ್ಲೇ ಜನ ಮರುಳಾದರು. ಇಡೀ ಒಂದು ಗಾಯಕರ ಗುಂಪು ಮಾಡಿದ ಕೆಲಸ ಅದು.

ಶಾಂತಲೆ:
ಈ ಬೆಡ್‌ಫರ್ಡ್ ಡ್ಯೂಕ್ ಅಂದ್ರೆ ಯಾರು? ಜೋನ್ ಆಫ್ ಆರ್ಕ್ ಕತೆಯಲ್ಲಿ ಬರ್ತಾನಲ್ಲ, ಅವನೇನಾ?

ಕೋಟೆಬಾಗಿಲು:
ಅವನೇ. ಐದನೇ ಹೆನ್ರಿಯ ತಮ್ಮ. ಹೆನ್ರಿ 1422ರಲ್ಲಿ ಸತ್ತಾಗ ಮಗ ಇನ್ನೂ ಹಸುಗೂಸು. ಫ್ರಾನ್ಸಿನಲ್ಲಿ ಇಂಗ್ಲಿಷರು ಗೆದ್ದ ಭಾಗವನ್ನು ಬೆಡ್‌ಫರ್ಡ್ 1435ರಲ್ಲಿ ಸಾಯುವವರೆಗೆ ಆಳಿದ. ಜೋನ್‌ಳನ್ನು 1431ರಲ್ಲಿ ರೂವಾನ್‌ನಲ್ಲಿ ಸುಟ್ಟಿದ್ದು ಅವನ ಆಡಳಿತದಲ್ಲೇ. ಡನ್‌ಸ್ಟೇಪಲ್ಲನಿಗೆ ನಾರ್ಮಂಡಿಯಲ್ಲಿ ಜಮೀನೂ ಇತ್ತು. ಅಂದ್ರೆ ಅವನ ಅನ್ನದ ಒಂದು ಭಾಗ ಗೆದ್ದ ನೆಲದಿಂದ ಬರ್ತಿತ್ತು. ಯುದ್ಧ ಇಲ್ಲದಿದ್ದರೆ ಈ ಸಂಗೀತ ಸಮುದ್ರ ದಾಟ್ತಿರಲಿಲ್ಲ. ಇದನ್ನ ಮರೆತು ಬರೀ ಇಂಪು ಇಂಪು ಅನ್ನೋದು ನನಗೆ ಸರಿ ಕಾಣಲ್ಲ.

ಗಮಕಪ್ರಿಯ:
ಧಣಿ ಮಾಡಿದ್ದಕ್ಕೆ ಹಾಡುಗಾರನನ್ನ ಯಾಕೆ ಹೊಣೆ ಮಾಡೋದು?

ಕೋಟೆಬಾಗಿಲು:
ಹೊಣೆ ಮಾಡ್ತಿಲ್ಲ. ಹಾಡು ಹೇಗೆ ಊರಿಂದ ಊರಿಗೆ ಹೋಯ್ತು ಅಂತ ಕೇಳಿದಾಗ ಸೈನ್ಯ, ಜಮೀನು, ಅರಮನೆ ಎಲ್ಲವನ್ನೂ ಹೇಳಬೇಕು. ಅಷ್ಟೇ.

ಶಾಂತಲೆ:
ಅವನಿಗೆ ಬೇರೆ ಆಶ್ರಯದಾತರೂ ಇದ್ದರು. ನವಾರ್‌ನ ಜೋನ್, ನಾಲ್ಕನೇ ಹೆನ್ರಿಯ ವಿಧವೆ ರಾಣಿ. ಅವಳ ಕತೆ ಓದಿದರೆ ಕರುಳು ಚುರ್ ಅನ್ನುತ್ತೆ. 1419ರಲ್ಲಿ ಮಲಮಗ ಐದನೇ ಹೆನ್ರಿಯ ಕಾಲದಲ್ಲೇ ಅವಳ ಮೇಲೆ ಮಾಟದ ಆರೋಪ ಹೊರಿಸಿದರು. ವಿಚಾರಣೆ ಇಲ್ಲದೆ ಸೆರೆಯಲ್ಲಿಟ್ಟರು, ಆದಾಯ ಕಿತ್ತುಕೊಂಡರು. ಯುದ್ಧಕ್ಕೆ ದುಡ್ಡು ಬೇಕಿತ್ತು. ಹೆನ್ರಿ ಸಾಯೋ ಮೊದಲು ಬಿಡಿಸಿದ. ಆಮೇಲೆ 1437ರಲ್ಲಿ ತೀರಿಕೊಳ್ಳುವವರೆಗೆ ಅವಳು ನೆಮ್ಮದಿಯಾಗಿದ್ದಳು. ಡನ್‌ಸ್ಟೇಪಲ್ ಅವಳ ಸೇವೆಯಲ್ಲಿದ್ದಿದ್ದು ಆ ಕೊನೆಯ ವರ್ಷಗಳಲ್ಲಿ.

ಹಳೇಪುಟ:
ಅವಳ ನಂತರ ಗ್ಲಾಸ್ಟರ್ ಡ್ಯೂಕ್ ಹಂಫ್ರಿ. ಅವನು ಪುಸ್ತಕದ ಹುಚ್ಚಿನವನು. ಆಕ್ಸ್‌ಫರ್ಡ್‌ಗೆ 280ಕ್ಕೂ ಜಾಸ್ತಿ ಹಸ್ತಪ್ರತಿ ದಾನ ಮಾಡಿದ. ಅವನ್ನಿಡೋಕೆ ಅಂತ ಹೊಸ ಕೋಣೆಯನ್ನೇ ಕಟ್ಟಿದರು. 1550ರಲ್ಲಿ ಸುಧಾರಣೆಯ ಹೆಸರಲ್ಲಿ ಅದನ್ನೂ ಬರಿದು ಮಾಡಿದರು. ಕೋಣೆ ಈಗಲೂ ಅವನ ಹೆಸರಲ್ಲೇ ಇದೆ. ಅವನು ಕೊಟ್ಟ ಪುಸ್ತಕಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಅಲ್ಲಿಗೆ ವಾಪಸ್ ಬಂದಿವೆ. ತುಂಗಾತೀರ ಅವರ ಮೊದಲ ಪ್ರಶ್ನೆಗೆ ಇದೂ ಉತ್ತರವೇ.

ಊರಾಚೆ:
ಇಂಗ್ಲೆಂಡಿನಲ್ಲಿ ಏನೂ ಉಳೀಲಿಲ್ಲ ಅಂತ ಎಲ್ಲರೂ ಹೇಳ್ತಿದ್ದೀರಿ. ಓಲ್ಡ್ ಹಾಲ್ ಹಸ್ತಪ್ರತಿ ಎಲ್ಲಿಗೆ ಹೋಯ್ತು? 15ನೇ ಶತಮಾನದ ಮೊದಲ ದಶಕಗಳದ್ದು, ಪೂಜೆಯ ಹಾಡುಗಳ ದೊಡ್ಡ ಪುಸ್ತಕ. ಹರ್ಟ್‌ಫರ್ಡ್‌ಶರ್‌ನ ಒಂದು ಕ್ಯಾಥೊಲಿಕ್ ಕಾಲೇಜಿನಲ್ಲಿತ್ತು, 1973ರಲ್ಲಿ ಬ್ರಿಟಿಷ್ ಲೈಬ್ರರಿಗೆ ಬಂತು. ಅದರಲ್ಲಿ 'ರಾಯ್ ಹೆನ್ರಿ' ಅಂತ ಹೆಸರಿರೋ ಎರಡು ಕೃತಿ ಇವೆ, ಸ್ವತಃ ರಾಜನೇ ಕಟ್ಟಿದ್ದು. ನಾಲ್ಕನೇ ಹೆನ್ರಿಯೋ ಐದನೆಯವನೋ ಅಂತ ಪಂಡಿತರು ಇನ್ನೂ ಜಗಳ ಆಡ್ತಿದ್ದಾರೆ.

ಹಳೇಪುಟ:
ಇದೆ, ಯಾರೂ ಇಲ್ಲ ಅಂದಿಲ್ಲ. ಆದರೆ ಅದರಲ್ಲಿ ಡನ್‌ಸ್ಟೇಪಲ್ ಹೆಸರು ಹುಡುಕಿ ನೋಡಿ. ಆ 3:2:1 ಲೆಕ್ಕದ 'ವೇನಿ ಸಾಂಕ್ತೆ' ಇದೆ, ಆಮೇಲೆ ಸೇರಿಸಿದ್ದು, ಅದೂ ಹೆಸರಿಲ್ಲದೆ. ಅದು ಅವನದ್ದು ಅಂತ ಗೊತ್ತಾಗೋದು ಬೇರೆ ಕಡೆಯ ಪ್ರತಿಗಳಿಂದ. ಆ ಪುಸ್ತಕದಲ್ಲಿ ಮೆರೆಯೋದು ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಸಂಗೀತಗಾರ ಲಿಯೊನೆಲ್ ಪವರ್.

ಊರಾಚೆ:
ಅದನ್ನೇ ಹೇಳೋಕೆ ಬಂದೆ! ಪವರ್‌ಗೆ ಅನ್ಯಾಯ ಆಗ್ತಿದೆ. ಅದರಲ್ಲಿ ಅವನ ಕೃತಿಗಳು ಇಪ್ಪತ್ತಕ್ಕೂ ಜಾಸ್ತಿ. 1445ರಲ್ಲಿ ಕ್ಯಾಂಟರ್‌ಬರಿಯಲ್ಲಿ ತೀರಿಕೊಂಡ. ಅವನ 'ಅಲ್ಮಾ ರೆಡೆಂಪ್ಟೋರಿಸ್ ಮಾತೆರ್' ಮಾಸ್, ಅಂದ್ರೆ ಕ್ಯಾಥೊಲಿಕ್ ಪೂಜೆಯ ಸಂಗೀತ, ತಗೊಳ್ಳಿ. ಪೂಜೆಯ ಬೇರೆ ಬೇರೆ ಭಾಗಗಳನ್ನು ಒಂದೇ ಧಾಟಿಯ ಟೆನರ್ ಮೇಲೆ ಕಟ್ಟಿದ್ದಾನೆ. ಅದಕ್ಕೆ ಮೊದಲು ಗ್ಲೋರಿಯಾ ಒಂದು ಕಡೆ, ಕ್ರೇಡೊ ಇನ್ನೊಂದು ಕಡೆ, ಬಿಡಿಬಿಡಿ. ಇಡೀ ಪೂಜೆಯನ್ನು ಒಂದೇ ದೊಡ್ಡ ಕೃತಿಯಾಗಿ ಕಟ್ಟೋದು ಇಂಗ್ಲಿಷರು ಕೊಟ್ಟ ನಿಜವಾದ ಕೊಡುಗೆ. ಆಮೇಲೆ ನೂರೈವತ್ತು ವರ್ಷ ಯುರೋಪಿನ ದೊಡ್ಡದೊಡ್ಡವರೆಲ್ಲ ಇದೇ ದಾರಿಯಲ್ಲಿ ನಡೆದರು. ಗಾಂಧಾರದ ಇಂಪಿಗಿಂತ ಇದು ದೊಡ್ಡದು ಅಂತ ನನ್ನ ವಾದ.

ಮಂದ್ರ:
ಡನ್‌ಸ್ಟೇಪಲ್ಲೂ ಅದನ್ನ ಮಾಡಿದ್ದಾನೆ. 'ರೆಕ್ಸ್ ಸೆಕುಲೋರುಮ್' ಮಾಸ್ ಇದೆಯಲ್ಲ.

ಊರಾಚೆ:
ಒಂದು ಪ್ರತಿಯಲ್ಲಿ ಡನ್‌ಸ್ಟೇಪಲ್ ಅಂತಿದೆ, ಇನ್ನೊಂದರಲ್ಲಿ ಪವರ್ ಅಂತಿದೆ. ಅದನ್ನ ನಿಮ್ಮವನ ಲೆಕ್ಕಕ್ಕೆ ಸೇರಿಸಿಕೊಂಡರೆ ಹೇಗೆ?

ತುಂಗಾತೀರ:
ಇಷ್ಟು ಗೊಂದಲ ಯಾಕೆ? ಇಬ್ಬರ ಶೈಲಿ ಬೇರೆ ಬೇರೆ ಅಂತ ಕೇಳಿದರೆ ಗೊತ್ತಾಗಲ್ವಾ?

ಹಳೇಪುಟ:
ಇಟಲಿಯ ಪ್ರತಿಕಾರನ ಜಾಗದಲ್ಲಿ ನಿಂತು ಯೋಚಿಸಿ. ಯಾವುದೋ ಗಾಯಕ ಆಲ್ಪ್ಸ್ ದಾಟಿ ಒಂದಿಷ್ಟು ಹಾಳೆ ತಂದಿರ್ತಾನೆ. ಮೇಲೆ ಹೆಸರಿಲ್ಲ, ಅಥವಾ ಬರೀ 'ಇಂಗ್ಲಿಷರದ್ದು' ಅಂತಿದೆ. ಅವನಿಗೆ ಗೊತ್ತಿರೋ ದೊಡ್ಡ ಇಂಗ್ಲಿಷ್ ಹೆಸರು ಒಂದೇ. ಅದನ್ನೇ ಬರೀತಾನೆ. 'ಓ ರೋಸಾ ಬೆಲ್ಲಾ' ಅಂತ ಒಂದು ಪ್ರೇಮಗೀತೆ ಆ ಕಾಲಕ್ಕೆ ಎಲ್ಲೆಲ್ಲೂ ಹೆಸರುವಾಸಿ. ಎಷ್ಟೋ ವರ್ಷ ಅದು ಡನ್‌ಸ್ಟೇಪಲ್ಲನದ್ದೇ ಅಂತ ನಂಬಿದ್ದರು. ಈಗ ಜಾನ್ ಬೆಡಿಂಗಮ್ ಅನ್ನೋನದ್ದು ಅನ್ನುವವರೇ ಜಾಸ್ತಿ.

ಇನ್ನೊಂದು ಹೇಳ್ತೇನೆ. 'ಕಾಪುಟ್' ಅಂತ ಒಂದು ಮಾಸ್. ಬಹಳ ವರ್ಷ ದ್ಯುಫೈಯ ಶ್ರೇಷ್ಠ ಕೃತಿ ಅಂತ ಪಾಠ ಮಾಡ್ತಿದ್ದರು. ಮಾನ್‌ಫ್ರೆಡ್ ಬುಕೋಫ್ಟ್‌ಸರ್ ಅನ್ನೋ ವಿದ್ವಾಂಸ ಅದರ ಟೆನರ್ ಎಲ್ಲಿಂದ ಬಂತು ಅಂತ ಬೆನ್ನಟ್ಟಿದ. ಅದು ಇಂಗ್ಲೆಂಡಿನ ಸಾಲ್ಸ್‌ಬರಿ ಪದ್ಧತಿಯ ಪೂಜೆಯಲ್ಲಿ, ಪಾದ ತೊಳೆಯುವ ಗುರುವಾರದ ಹಾಡಿನಲ್ಲಿ ಬರೋ ಧಾಟಿ. ಆಮೇಲೆ ಇಂಗ್ಲಿಷ್ ಹಸ್ತಪ್ರತಿಯ ಚೂರುಗಳೂ ಸಿಕ್ಕವು. ಈಗ ಅದು ಹೆಸರು ಗೊತ್ತಿಲ್ಲದ ಇಂಗ್ಲಿಷನದ್ದು ಅಂತ ಎಲ್ಲರೂ ಒಪ್ಪಿದ್ದಾರೆ. ಅದೇ ಬುಕೋಫ್ಟ್‌ಸರ್ ಸಂಪಾದಿಸಿದ ಡನ್‌ಸ್ಟೇಪಲ್ ಸಮಗ್ರ ಕೃತಿಗಳು 1953ರಲ್ಲಿ, ಸರಿಯಾಗಿ 500 ವರ್ಷಕ್ಕೆ ಬಂದವು.

ಕೋಟೆಬಾಗಿಲು:
ಹೆಸರು ಗೊತ್ತಿಲ್ಲದವನೇ ಅಷ್ಟು ಚೆನ್ನಾಗಿ ಕಟ್ಟಿದ್ದಾನೆ ಅಂದ್ರೆ ನನ್ನ ಮಾತೇ ಗಟ್ಟಿ ಆಯ್ತು. ಒಬ್ಬನ ಹೆಸರಿನ ಕೆಳಗೆ ಒಂದು ತಲೆಮಾರನ್ನೇ ಮುಚ್ಚಿಟ್ಟಿದ್ದೇವೆ.

ಲಂಡನ್ ಕನ್ನಡಿಗ:
ವಿಷಯಾಂತರ. ಆ ವಾಲ್‌ಬ್ರೂಕ್ ಚರ್ಚಿನಿಂದಲೇ 1953ರಲ್ಲಿ ಸಮಾರಿಟನ್ಸ್ ಶುರುವಾಗಿದ್ದು. ಜೀವ ಬೇಡ ಅನ್ನಿಸಿದವರು ಫೋನ್ ಮಾಡಿ ಮಾತಾಡೋ ಸಹಾಯವಾಣಿ. ಅಲ್ಲಿನ ಪಾದ್ರಿ ಚಾಡ್ ವಾರಾ ಶುರು ಮಾಡಿದ್ದು. ಆ ಹಳೇ ಫೋನ್ ಚರ್ಚಿನಲ್ಲಿ ಇಟ್ಟಿದ್ದಾರೆ.

ಶಾಂತಲೆ:
ಇದು ಗೊತ್ತಿರಲಿಲ್ಲ. ಹೋದರೆ ಖಂಡಿತ ನೋಡ್ತೇನೆ.

ಚುಕ್ಕಿಲೆಕ್ಕ:
ಡನ್‌ಸ್ಟೇಪಲ್ ಸತ್ತಿದ್ದು 1453ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಅದೇ ವರ್ಷ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು. ಜುಲೈನಲ್ಲಿ ಕಸ್ತಿಯೋಂ ಕದನದಲ್ಲಿ ಇಂಗ್ಲಿಷರು ಸೋತು ಫ್ರಾನ್ಸ್ ಕೈಬಿಟ್ಟಿತು. ಅವನು ಸೇವೆ ಮಾಡಿದ ರಾಜ್ಯದ ಅರ್ಧ ಅವನ ಕಣ್ಣೆದುರೇ ಹೋಯ್ತು.

ನೀಲಿಶಾಯಿ:
ಎಲ್ಲರೂ ಹೊಗಳ್ತಿದ್ದೀರಿ, ಬೈದವರ ಮಾತೂ ಇರಲಿ. 1597ರಲ್ಲಿ ಥಾಮಸ್ ಮೋರ್ಲಿ ಸಂಗೀತ ಪಾಠದ ಪುಸ್ತಕ ಬರೆದ. ಅದರಲ್ಲಿ ಡನ್‌ಸ್ಟೇಪಲ್ಲನ ಒಂದು ಹಾಡು ತೋರಿಸಿ ಚೆನ್ನಾಗಿ ಬೈದಿದ್ದಾನೆ. 'ಆಂಜೆಲೋರುಮ್' ಅನ್ನೋ ಒಂದೇ ಪದವನ್ನು 'ಆಂಜೆಲೋ' ಅಂತ ಹಾಡಿಸಿ, ಉದ್ದಕ್ಕೆ ನಿಲ್ಲಿಸಿ, ಆಮೇಲೆ 'ರುಮ್' ಅಂತ ಹಾಡಿಸಿದ್ದಾನೆ ಅಂತ. ಮೋರ್ಲಿ ಹೇಳಿದ್ದು ಸರಿ. ಸಾಹಿತ್ಯ ಮುರಿದು ಹಾಡೋದು ತಪ್ಪೇ.

ಗಮಕಪ್ರಿಯ:
ಅದನ್ನ ನಾನು ಒಪ್ತೇನೆ. ಪದ ಎಲ್ಲೆಂದರಲ್ಲಿ ಒಡೆದರೆ ನನಗೂ ಕಿರಿಕಿರಿ.

ಮಂದ್ರ:
ನಾನು ಒಪ್ಪಲ್ಲ. ಮೋರ್ಲಿಯ ಕಾಲಕ್ಕೆ ಸಾಹಿತ್ಯದ ಭಾವಕ್ಕೆ ತಕ್ಕ ಹಾಗೆ ಸ್ವರ ಇರಬೇಕು ಅನ್ನೋ ಹೊಸ ರುಚಿ ಬಂದಿತ್ತು. ಡನ್‌ಸ್ಟೇಪಲ್ಲನ ಕಾಲದಲ್ಲಿ ಒಂದು ಧ್ವನಿ ಸುಮ್ಮನಾದಾಗ ಬೇರೆ ಧ್ವನಿಗಳು ಹಾಡ್ತಾ ಇರ್ತವೆ. ಒಬ್ಬನ ಸಾಲು ಮಾತ್ರ ಕಿತ್ತು ತೋರಿಸಿದರೆ ಮುರಿದ ಹಾಗೇ ಕಾಣುತ್ತೆ. ಜೊತೆಗೆ ಮೋರ್ಲಿ ಬೈದ ಅದೇ ಮನುಷ್ಯ 'ಕ್ವಾಮ್ ಪುಲ್ಕ್ರಾ'ದಲ್ಲಿ ಒಂದು ಅಕ್ಷರ ಕೂಡ ಕೆಡಿಸಿಲ್ಲ. ಎಲ್ಲಿ ಮಾತು ಮುಂದೆ ಬರಬೇಕು, ಎಲ್ಲಿ ಲೆಕ್ಕ ಮುಂದೆ ಬರಬೇಕು ಅಂತ ಅವನಿಗೆ ಗೊತ್ತಿತ್ತು.

ನೀಲಿಶಾಯಿ:
ಬೇರೆ ಧ್ವನಿ ಹಾಡ್ತಿದ್ದರೂ ಆ ಗಾಯಕ ಬಾಯಿ ಮುಚ್ಚಿಕೊಂಡು ಅರ್ಧ ಪದ ಇಟ್ಟುಕೊಂಡು ನಿಂತಿರಬೇಕಲ್ಲ! ನನಗೆ ಸಮಾಧಾನ ಇಲ್ಲ.

ತುಂಗಾತೀರ:
ತುಂಬಾ ತಿಳ್ಕೊಂಡೆ. ಹೊಸಬರು ಯಾವ ಕ್ರಮದಲ್ಲಿ ಕೇಳಬೇಕು ಅಂತ ಯಾರಾದರೂ ಹೇಳಿ.

ಮಂದ್ರ:
ಮೊದಲು 'ಕ್ವಾಮ್ ಪುಲ್ಕ್ರಾ', ಎರಡು ಮೂರು ಸಲ. ಆಮೇಲೆ ನಾಲ್ಕು ಧ್ವನಿಯ 'ವೇನಿ ಸಾಂಕ್ತೆ'. ಹಿಲಿಯರ್ಡ್ ಎನ್‌ಸೆಂಬಲ್ 1980ರ ದಶಕದಲ್ಲಿ ಮಾಡಿದ ರೆಕಾರ್ಡಿಂಗ್ ಹುಡುಕಿ. ಹೆಡ್‌ಫೋನ್ ಹಾಕಿಕೊಂಡು ಟೆನರ್ ಒಂದನ್ನೇ ಹಿಡಿದು ಹೋಗಿ, ಅದು ಎಲ್ಲಿ ವೇಗ ಬದಲಾಯಿಸುತ್ತೆ ನೋಡಿ.

ಊರಾಚೆ:
ಅದಾದ ಮೇಲೆ ಪವರ್‌ನ 'ಅಲ್ಮಾ ರೆಡೆಂಪ್ಟೋರಿಸ್'. ಕೇಳದೆ ತೀರ್ಪು ಕೊಡಬೇಡಿ. ಅದರಲ್ಲಿ ಕೀರಿಯೆ, ಅಂದ್ರೆ ಮಾಸ್‌ನ ಮೊದಲ ಭಾಗ, ಯಾಕಿಲ್ಲ ಅಂತ ಕೇಳ್ತೀರಿ, ಮೊದಲೇ ಹೇಳಿಬಿಡ್ತೇನೆ. ಇಂಗ್ಲೆಂಡಿನಲ್ಲಿ ಹಬ್ಬದ ಕೀರಿಯೆಗೆ ಹೆಚ್ಚಿನ ಸಾಹಿತ್ಯ ಸೇರಿಸಿ ಹಾಡ್ತಿದ್ದರು. ಯುರೋಪಿನ ಪೂಜೆಗೆ ಅದು ಹೊಂದ್ತಿರಲಿಲ್ಲ. ಅಲ್ಲಿನ ಪ್ರತಿಕಾರರು ಇಂಗ್ಲಿಷ್ ಮಾಸ್‌ಗಳ ಕೀರಿಯೆಯನ್ನ ಎಷ್ಟೋ ಸಲ ಬರೆದುಕೊಳ್ಳದೆ ಬಿಟ್ಟುಬಿಟ್ಟಿದ್ದಾರೆ.

ಹಳೇಪುಟ:
ಅದಕ್ಕೇ ಹೇಳಿದ್ದು, ನಮಗೆ ಸಿಕ್ಕಿರೋದು ಅವರು ಬೇಕು ಅಂತ ಆರಿಸಿಕೊಂಡಷ್ಟೇ.

ಊರಾಚೆ:
ಆರಿಸಿದ್ದರಲ್ಲೂ ಪವರ್ ಮುಂದಿದ್ದಾನೆ. ರೆಕ್ಸ್ ಸೆಕುಲೋರುಮ್ ಯಾರದ್ದು ಅಂತ ಬೇರೆ ಚರ್ಚೆ ಶುರು ಮಾಡ್ತೇನೆ, ಮಂದ್ರ ಅವರು ಅಲ್ಲಿಗೇ ಬರಲಿ.